ಬಿಟ್ಟಿ ಸಿಸ್ಟಂ, ಕೊಂಡ ಸಿಸ್ಟಂ ಮತ್ತು ಅತ್ತೆಯವರ ಭಜನೆ

ನಮ್ಮದು ಮಿಶ್ರ ವಿವಾಹ. ನಾನು ಮೈಸೂರು, ಅವರು ಧಾರವಾಡ ಎಂಬ ಕಾರಣಕ್ಕಲ್ಲ; ಆ ತಕರಾರು ರೊಟ್ಟಿ-ಮುದ್ದೆಗಳ ಒಪ್ಪಂದದಲ್ಲಿ ಎಂದೋ ಬಗೆಹರಿದಿದೆ. ನಾನು ಕಂಪನಿಯವರು ಮಾರುವ ಆಪರೇಟಿಂಗ್ ಸಿಸ್ಟಂ ಬಳಸುವವಳು, ನಮ್ಮ ಯಜಮಾನರು ಬಿಟ್ಟಿ ಸಿಗುವ ಲಿನಕ್ಸ್‌ನ ಭಕ್ತರು. ಅಮೆರಿಕದ ಬೆರ್ರಿಯೆಸಾದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಎರಡು ಮತಗಳು ದಿನಾ ಒಂದೇ ಪ್ಲಗ್ಗಿಗಾಗಿ ಹೊಡೆದಾಡುತ್ತವೆ.

"ಇದು ಎಲ್ಲಾರೂ ಕೂಡಿ ಕಟ್ಟಿದ್ದು. ಒಳಗೇನದ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು" ಎನ್ನುತ್ತಾರೆ ಅವರು. ನಿಜವೇ. ಆದರೆ ನನಗೇಕೋ ಬಿಚ್ಚಿ ನೋಡುವ ಆಸೆಯೇ ಬಂದಿಲ್ಲ. ಮಿಕ್ಸಿಯನ್ನೂ ನಾನು ಬಿಚ್ಚಿ ನೋಡಿದವಳಲ್ಲ. ಕೊಂಡ ಸಿಸ್ಟಂ ಎಂದರೆ ಬಾಡಿಗೆ ಅಪಾರ್ಟ್‌ಮೆಂಟು: ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಮಾಲೀಕ ತನಗೆ ತೋಚಿದಾಗ ಬಂದು ಬಣ್ಣ ಬಳಿಯುತ್ತಾನೆ. ಬಿಟ್ಟಿ ಸಿಸ್ಟಂ ಸ್ವಂತ ಮನೆ: ಎಲ್ಲಿ ಬೇಕಾದರೂ ಮೊಳೆ ಹೊಡೆಯಿರಿ, ಪೈಪು ಒಡೆದರೆ ಬಕೆಟ್ಟು ಹಿಡಿಯುವವರೂ ನೀವೇ. ಬಿಟ್ಟಿ ಎಂದರೆ ಅವರಿಗೆ ಸಿಟ್ಟು ಬರುತ್ತದೆ, ಹಾಗಾಗಿ ಆಗಾಗ ಅನ್ನುತ್ತಿರುತ್ತೇನೆ.

ಈಚೆಗೆ ಅತ್ತೆಯವರು ತಮ್ಮ ಹಳೆಯ ಲ್ಯಾಪ್‌ಟಾಪಿನ ಸಮೇತ ಧಾರವಾಡದಿಂದ ಬಂದರು. ಇಲ್ಲಿ ಶುಕ್ರವಾರ ಸಂಜೆ, ಅಂದರೆ ಅಲ್ಲಿ ಶನಿವಾರ ಬೆಳಿಗ್ಗೆ, ಅವರ ಭಜನಾ ಮಂಡಳಿ ವಿಡಿಯೋದಲ್ಲಿ ಸೇರುತ್ತದೆ. ಒಬ್ಬರು ಹಾಡು ಎತ್ತಿಕೊಡಬೇಕು, ಉಳಿದವರು ಹಿಂದೆ ಹೇಳಬೇಕು. ಈ ಸಲ ಎತ್ತಿಕೊಡುವ ಸರದಿ ಅತ್ತೆಯವರದು. ಅಮೆರಿಕಕ್ಕೆ ಹೋಗಿ ಹಾಡು ಮರೆತಳು ಎಂದು ಯಾರೂ ಅನ್ನಬಾರದೆಂದು ವಾರವಿಡೀ ಪಾತ್ರೆ ತೊಳೆಯುತ್ತಲೂ ಗುನುಗುತ್ತಿದ್ದರು. ಗೆಳತಿಯರ ಮುಖ ಕಾಣಬೇಕು, ಅದಕ್ಕೆ ದೊಡ್ಡ ಪರದೆಯೇ ಬೇಕು ಎಂದಿದ್ದರು.

ಗುರುವಾರ ಯಜಮಾನರು ಆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದರು. ಮುದಿ ಯಂತ್ರ ಚಿಗರೆಯಂತೆ ಓಡಿತು. ಓಡಿತು, ಆದರೆ ಮಾತಾಡಲಿಲ್ಲ. ಮಂಡಳಿ ಸೇರಿದಾಗ ಅತ್ತೆಯವರ ತುಟಿ ಆಡುತ್ತಿತ್ತು, ದನಿ ಆ ಕಡೆಗೆ ಹೋಗುತ್ತಿರಲಿಲ್ಲ.

"ಶ್ರೀಧರಾ, ಏನ್ ಮಾಡಿಟ್ಟಿಯೋ ಇದಕ್ಕ?" ಎಂದು ಮಗನನ್ನು ಕೇಳಿದರು.

ಯಜಮಾನರು ಅಂತರ್ಜಾಲದ ಲಿನಕ್ಸ್ ಬಳಗದಲ್ಲಿ ಪ್ರಶ್ನೆ ಹಾಕಿದರು. ಎಲ್ಲಿಯವನೋ ಒಬ್ಬ ಪುಣ್ಯಾತ್ಮ ತಕ್ಷಣ ಉತ್ತರಿಸಿದ. ಇನ್ನೊಬ್ಬ ಪುಣ್ಯಾತ್ಮ ಅದನ್ನು ಖಂಡಿಸಿದ. ನಾನು ಗೆದ್ದ ನಗೆಯಿಂದ ನನ್ನ ಲ್ಯಾಪ್‌ಟಾಪು ತಂದು ತೆರೆದೆ. ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಎಂದಿತು.

"ರೀ, ನೀವು ಅದನ್ನ ಮುಟ್ಟದೇ ಇದ್ದಿದ್ರೆ ಏನಾಗ್ತಿತ್ತು?"

"ನಿಂದು ಹೇಳದ ಕೇಳದ ಅಪ್‌ಡೇಟ್ ಆಗ್ತದಲ್ಲ, ಅದಕ್ಕೇನಂತಿ?"

ಬಂಧನ ಯಾವುದು, ಮುಕ್ತಿ ಯಾವುದು ಎಂಬ ವೇದಾಂತದವರೆಗೂ ಏರಿದೆವು. ಅಷ್ಟರಲ್ಲಿ ಅಡುಗೆಮನೆಯಿಂದ ಹಾಡು ಕೇಳಿಸಿತು. ಅತ್ತೆಯವರು ತಮ್ಮ ಫೋನನ್ನು ಶೇಂಗಾ ಚಟ್ನಿಪುಡಿಯ ಡಬ್ಬಿಗೆ ಆನಿಸಿಟ್ಟು ಎತ್ತಿಕೊಡುತ್ತಿದ್ದರು. ಧಾರವಾಡ ಹಿಂದೆ ಹೇಳುತ್ತಿತ್ತು. ಮುಖಗಳಿಗಾಗಿ ದೊಡ್ಡ ಪರದೆ ಕೇಳಿದವರು ಕಣ್ಣು ಮುಚ್ಚಿ ಹಾಡುತ್ತಿದ್ದರು.

"ನಿಮ್ಮ ಜಗಳ ಮುಗೀಲಿ ಅಂತ ಕೂತಿದ್ರ ಅಲ್ಲೆ ನೈವೇದ್ಯನೂ ಆಗಿಹೋಗ್ತಿತ್ತು" ಎಂದರು ಮುಗಿಸಿ.

ಆ ಫೋನಿನಲ್ಲಿರುವುದು ಯಾರ ಸಿಸ್ಟಂ ಎಂದು ಯಜಮಾನರನ್ನು ಕೇಳಿದೆ. ತಳದಲ್ಲಿ ಲಿನಕ್ಸ್, ಮೇಲಿನದು ಕಂಪನಿಯವರದು ಎಂದರು, ಸ್ವಲ್ಪ ಸಂಕೋಚದಿಂದಲೇ. ಅಂದರೆ ನಮ್ಮಂಥದೇ ಸಂಸಾರ. ವ್ಯತ್ಯಾಸ ಇಷ್ಟೇ, ಅತ್ತೆಯವರು ಹಾಡುವಾಗ ಅದು ಬಾಯಿ ಮುಚ್ಚಿಕೊಂಡಿತ್ತು.