ಆ ಪೆಟ್ಟು ಯಾರದು?

ನಾನು ಡ್ರಮ್ಸ್ ಅಭ್ಯಾಸ ಮಾಡುವ ಕೋಣೆಯ ಮೂಲೆಯಲ್ಲಿ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಬೀಜ ತುಂಬಿದ ಒಂದು ಗೋಣಿಚೀಲವಿದೆ. ಮಳೆ ಹಿಡಿದಾಗಲೆಲ್ಲ ಅದರಿಂದ ಸೆಣಬು, ಧೂಳು, ಹಳೆಯ ಕಾಫಿ ಸೇರಿದ ವಾಸನೆ ಏಳುತ್ತದೆ. ಆಗ ಮೂಡಿಗೆರೆಯ ಆ ಸ್ಟುಡಿಯೋ ನೆನಪಾಗುತ್ತದೆ... ಸದ್ದು ಮಾರ್ದನಿಸಬಾರದೆಂದು ಗೋಡೆ ತುಂಬ ಖಾಲಿ ಗೋಣಿಚೀಲ ಬಡಿದಿದ್ದ ಕೋಣೆ. ಸಣ್ಣದೊಂದು ತೋಟ ಇಟ್ಟುಕೊಂಡು, ಹಾಡಿನ ಹುಚ್ಚಿಗೆ ಸ್ಟುಡಿಯೋ ನಡೆಸುತ್ತಿದ್ದ ಆ ಮನುಷ್ಯ ಎಲ್ಲರಿಗೂ ಸ್ಟುಡಿಯೋ ಅಣ್ಣ. ನನಗೂ ಅಣ್ಣನೇ. ಆದರೆ ಅವರ ಮೇಲೆ ನನ್ನದೊಂದು ಅನುಮಾನದ ಕಣ್ಣು ಸದಾ ಇರುತ್ತಿತ್ತು.

ನಮ್ಮ ಆರ್ಕೆಸ್ಟ್ರಾದ ಗಾಯಕನಿಗೆ ಆಗ ರಿದಂ ಪ್ಯಾಡಿನ ಮೋಹ ಹತ್ತಿತ್ತು. ಕಡ್ಡಿಯಲ್ಲಿ ತಟ್ಟಿದರೆ ಬೇಕಾದ ಸದ್ದು ಬರುವಾಗ ಜೀಪಿನ ತುಂಬ ಡ್ರಮ್ ಹೇರಿಕೊಂಡು ಹೊರನಾಡು ಜಾತ್ರೆಯ ತನಕ ಯಾಕೆ ಹೋಗಬೇಕು ಎಂಬುದು ಅವನ ವಾದ. ಪ್ಯಾಡ್ ಬಾರಿಸಲು ಅವನ ಭಾಮೈದ ತಯಾರಾಗಿಯೇ ಇದ್ದ. ಕೊನೆಗೆ, ಒಂದು ಹಾಡು ರೆಕಾರ್ಡ್ ಮಾಡುವುದು, ಡ್ರಮ್ಸ್ ಸಪ್ಪೆಯಾಗಿ ಕೇಳಿದರೆ ನಾನು ಜಾಗ ಬಿಡುವುದು ಎಂದು ತೀರ್ಮಾನವಾಯಿತು.

ಕೇಳಿದರೆ ಸಪ್ಪೆಯೇ! ಕಾಲಲ್ಲಿ ಬಾರಿಸುವ ನನ್ನ ದೊಡ್ಡ ಬಾಸ್ ಡ್ರಮ್ ಖಾಲಿ ಡಬ್ಬದ ಹಾಗಿತ್ತು. ಅಣ್ಣ ಮಿಕ್ಸಿಂಗಿಗೆ ಕೂತು ಮೊದಲು ಆ ಡಬ್ಬದ ಸದ್ದನ್ನು ತಗ್ಗಿಸಿದರು. ಸದ್ದಿನ ಏರಿಳಿತ ಹಿಡಿಯುವ ಕಂಪ್ರೆಸರ್ ಹಾಕಿ, ಪೆಟ್ಟಿನ ಮೊದಲ ತುದಿಯನ್ನು ಹಾಗೇ ಬಿಟ್ಟು ಹಿಂದಿನ ಬಾಲವನ್ನಷ್ಟೇ ಒತ್ತಿದರು. ಡ್ರಮ್ಮಿಗಿಟ್ಟಿದ್ದ ಎರಡು ಮೈಕಿನ ಸದ್ದುಗಳು ಒಂದನ್ನೊಂದು ನುಂಗದಂತೆ ಸರಿಸಿ ಹೊಂದಿಸಿದರು.

"ಪೆಟ್ಟು ಬಂತು ಮಾರಾಯ, ತೂಕ ಬರ್ಲಿಲ್ಲ. ನೀನೊಂದ್ ಕಾಫಿ ಕುಡ್ಕಂಡ್ ಬಾ, ಹೋಗು" ಎಂದರು. ನಾನು ಹೊರಬಿದ್ದ ಕೂಡಲೇ ಒಳಗಿನಿಂದ ಚಿಲಕ ಬಿತ್ತು.

ಮರುದಿನ ಹಾಡು ಕೇಳಿಸಿದಾಗ ಡ್ರಮ್ಸ್ ಎದೆಗೇ ಬಂದು ಬಡಿಯಿತು. ಗಾಯಕ ಪ್ಯಾಡಿನ ಮಾತು ಬಿಟ್ಟ, ನನ್ನ ಜಾಗ ಉಳಿಯಿತು. ಆದರೆ ನನ್ನ ಡ್ರಮ್ಮಿನ ದನಿ ನನಗೆ ಗೊತ್ತಿಲ್ಲವೇ? ಅದರ ಅಡಿಯಲ್ಲಿ ಇನ್ನೇನೋ ಇತ್ತು. ಕಂಪ್ಯೂಟರಿನ ಡ್ರಮ್ ತುರುಕಿದ್ದಾರೆ ಎಂದುಕೊಂಡೆ. ಹಾಗಾದರೆ ನನಗೂ ಆ ಪ್ಯಾಡಿಗೂ ಏನು ವ್ಯತ್ಯಾಸ?

"ಅಣ್ಣ, ಇದು ನಂದೇ ಡ್ರಮ್ಮಾ?"

"ಮತ್ತಿನ್ಯಾರ್ದು ಮಾರಾಯ!" ಎಂದರು, ನನ್ನ ಮುಖ ನೋಡದೆ.

ಅವರ ಬಲಗೈ ಗೆಣ್ಣುಗಳು ಸುಲಿದು ಕೆಂಪಾಗಿದ್ದವು. ಏನಾಯಿತೆಂದು ಕೇಳಿದ್ದಕ್ಕೆ "ಪಲ್ಪರ್‌ಗೆ ತಾಗ್ತು" ಎಂದರು. ಹೊರಗೆ ಜಡಿಮಳೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಮೆಷಿನ್ನನ್ನು ಕುಯ್ಲು ಮುಗಿದ ಮೇಲೆ ತೊಳೆದು ಮುಚ್ಚಿಟ್ಟು ತಿಂಗಳುಗಳೇ ಆಗಿದ್ದವು. ಕಾಫಿ ಸೀಮೆಯವನಿಗೆ ಹೇಳುವ ಸುಳ್ಳೇ ಅದು? ಇಷ್ಟು ಸಣ್ಣದಕ್ಕೆ ಸುಳ್ಳು ಹೇಳುವವರು ದೊಡ್ಡದಕ್ಕೆ ಬಿಡುತ್ತಾರೆಯೇ...

ಆಮೇಲೂ ವರ್ಷಗಟ್ಟಲೆ ಅವರಲ್ಲೇ ರೆಕಾರ್ಡ್ ಮಾಡಿದೆವು. ಪ್ರತಿ ಸಲವೂ ನನಗೆ ಕಾಫಿ, ಬಾಗಿಲಿಗೆ ಚಿಲಕ, ಹಾಡಿಗೆ ಆ ತೂಕ. ಯಾರಾದರೂ ನನ್ನ ಡ್ರಮ್ಸ್ ಹೊಗಳಿದರೆ ನನಗೆ ಮೈ ಉರಿಯುತ್ತಿತ್ತು.

ಅಣ್ಣ ಹೋದ ವರ್ಷ ತೀರಿಕೊಂಡರು. ಈ ಬೇಸಿಗೆಯಲ್ಲಿ ಅವರ ಹೆಂಡತಿ ಸ್ಟುಡಿಯೋ ಖಾಲಿ ಮಾಡಿಸಲು ನನ್ನನ್ನು ಕರೆದರು. ಒಳಗೆ ಒಂದು ಮೈಕಿನ ಮುಂದೆ ತುಂಬಿದ ಗೋಣಿಚೀಲ ಮಲಗಿತ್ತು. ಒಂದೇ ಕಡೆ ಗುಂಡಿ ಬಿದ್ದು ನಾರು ಸವೆದಿತ್ತು.

"ಇದ್ಯಾಕೆ ಇಲ್ಲಿದೆ ಅತ್ತಿಗೆ?"

"ಬಾಗ್ಲು ಹಾಕ್ಕಂಡು ಅದಕ್ಕೆ ಗುದ್ದೋರು. ನಿನ್ ಡ್ರಮ್ ಜೊತೆ ಸೇರ್ಸಕ್ಕಂತೆ. 'ಅವ್ನಿಗೆ ಹೇಳ್ಬೇಡ, ಬೇಜಾರ್ ಮಾಡ್ಕಳ್ತಾನೆ' ಅಂತಿದ್ರು."

ಮುಷ್ಟಿ ಕಟ್ಟಿ ಗುದ್ದಿದೆ. ಅದೇ ಸದ್ದು! ಸಿಟ್ಟೂ ಬಂತು, ಅಳುವೂ ಬಂತು. ನನ್ನ ಅನುಮಾನ ಸುಳ್ಳಾಗಿರಲಿಲ್ಲ, ನನ್ನ ಪ್ರತಿ ಪೆಟ್ಟಿನ ಕೆಳಗೆ ಇನ್ನೊಬ್ಬರ ಕೈ ಇತ್ತು. ಆದರೆ ಅದು ಕಂಪ್ಯೂಟರಿನದಾಗಿರಲಿಲ್ಲ.

ಚೀಲವನ್ನು ಮನೆಗೆ ತಂದೆ. ಒಳಗಿನ ಕಾಫಿ ಹಾಳಾಗಿದೆ, ಎಸೆಯಿರಿ ಎನ್ನುತ್ತಾಳೆ ನನ್ನ ಹೆಂಡತಿ. ಕಳೆದ ವಾರ ನಾನೇ ಒಂದು ಹಾಡು ಮಿಕ್ಸ್ ಮಾಡಲು ಕೂತೆ. ಡ್ರಮ್ಸ್ ಬಾರಿಸಿ, ಮೈಕಿಟ್ಟು, ಅಣ್ಣ ಗುದ್ದುತ್ತಿದ್ದ ಆ ಗುಂಡಿಗೇ ಗೆಣ್ಣು ಸುಲಿಯುವ ತನಕ ಗುದ್ದಿದೆ. ಎರಡನ್ನೂ ಸೇರಿಸಿ ಕೇಳಿದೆ.

ಪೆಟ್ಟು ಬಂತು. ತೂಕ ಬರಲಿಲ್ಲ.