ಗುಂಡ್ಲುಪೇಟೆ ಬಸ್ಸಿನಲ್ಲಿ ಎತ್ತಿದ ಕೈ

ಚಾಮರಾಜನಗರ ಬಿಟ್ಟಾಗ ಸೋನೆ ಮಳೆ. ನಿಂತಿತು ಅನ್ನುವ ಹಾಗೂ ಇಲ್ಲ, ಬೀಳುತ್ತಿದೆ ಅನ್ನುವ ಹಾಗೂ ಇಲ್ಲ. ಹರದನಹಳ್ಳಿಯಿಂದ ಮೊಪೆಡ್ಡಿನಲ್ಲಿ ಬಂದು, ಅದನ್ನು ಪರಿಚಯದ ಸೈಕಲ್ ಶಾಪಿನಲ್ಲಿ ನಿಲ್ಲಿಸಿ, ಗುಂಡ್ಲುಪೇಟೆಯ ಖಾಸಗಿ ಬಸ್ಸು ಹತ್ತಿದೆ. ಐವತ್ತು ರೂಪಾಯಿ ಕೊಟ್ಟೆ. ಕೂರಲು ಜಾಗವಿರಲಿಲ್ಲ. ಮೇಲಿನ ಕಂಬಿ ಹಿಡಿದು ನಿಂತೆ.

ಕಲ್ಲು ಒಡೆಯುವ ಕೆಲಸ ನನ್ನದು, ಸುಮ್ಮನೆ ರಜಾ ಹಾಕುವವನಲ್ಲ. ಆದರೆ ಅವತ್ತು ಗ್ರಾಮ ಪಂಚಾಯಿತಿ ಚುನಾವಣೆಯ ಎಣಿಕೆ. ನನ್ನ ತಂಗಿ ಶಿವಮ್ಮ ಗುಂಡ್ಲುಪೇಟೆಯ ಆಚೆ ತನ್ನ ಗಂಡನ ಊರಿನಲ್ಲಿ ನಿಂತಿದ್ದಳು. ಅವಳ ಗಂಡನ ಅಣ್ಣನಿಗೆ ಇದು ಸೇರಿರಲಿಲ್ಲ. "ಗೆದ್ರೆ ನೀ ಹೇಳ್ದಂಗೆ. ಸೋತ್ರೆ ಮನೇಲಿ ಯಾವ ಮಾತ್ಗೂ ಬಾಯಿ ಹಾಕ್ಬಾರ್ದು" ಎಂದು ಎಲ್ಲರ ಎದುರೇ ಹೇಳಿದ್ದ. ಅವಳು ಹೂಂ ಅಂದಿದ್ದಳು. ಎಣಿಕೆಗೆ ಅವಳ ಏಜೆಂಟು ನಾನು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಜೇಬಿನಲ್ಲಿ ಮೊಹರು ಒತ್ತಿದ ಪಾಸು ಇತ್ತು. ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ತೆರಕಣಾಂಬಿ ದಾಟಿದ ಮೇಲೆ ಚೆಂಡು ಹೂವಿನ ಹೊಲಗಳು ಶುರುವಾದವು. ಮೋಡ ನೆಲಕ್ಕೆ ಇಳಿದಿತ್ತು. ಆ ಹಳದಿ ಬೆಳಕು ಕಿಟಕಿಯಿಂದ ಒಳಗೆ ಬಂದು ಎಲ್ಲರ ಮುಖಕ್ಕೂ ಅರಿಸಿನ ಹಚ್ಚಿದಂತೆ ಕಾಣಿಸಿತು. ರಸ್ತೆ ಬದಿ ಕೇರಳದ ಕಾರು ನಿಲ್ಲಿಸಿಕೊಂಡು ಒಂದು ಸಂಸಾರ ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುತ್ತಿತ್ತು. ಸೊಂಟದವರೆಗೆ ಹೂವು, ಕಾಲೇ ಕಾಣದು. ತೇಲುತ್ತಿರುವವರ ಹಾಗೆ ಇದ್ದರು. ನನಗೆ ನಿಂತಲ್ಲೇ ಜೋಂಪು ಹತ್ತಿತು.

ಎಚ್ಚರಿಸಿದ್ದು ಕಂಡಕ್ಟರನ ಫೋನು. ಅದರಲ್ಲಿ ಟೀವಿ ಚರ್ಚೆ ಓಡುತ್ತಿತ್ತು. ಎಲ್ಲೋ ದೂರದಲ್ಲಿ ಮಗುವನ್ನು ಕೊಂದ ಕೇಸಿನಲ್ಲಿ ಒಬ್ಬನಿಗೆ ಮರಣದಂಡನೆಯಾಗಿತ್ತು, ನೇಣಿಗೆ ಹಾಕಬೇಕೋ ಬೇಡವೋ ಎಂದು ಕಿರುಚಾಡುತ್ತಿದ್ದರು.

"ಇದ್ರಲ್ಲಿ ಮಾತೇನದೆ?" ಅಂದೆ. "ತೀರ್ಪು ಅಂದ್ಮೇಲೆ ತೀರ್ಪು. ಮತ್ತೆ ಮತ್ತೆ ನೋಡದೇನು? ನೇಣ್ಗಾಕ್ಬುಟ್ಟು ಮುಗಿಸ್ಬೇಕು."

ನನ್ನ ಪಕ್ಕ ಹೂವಿನ ಬುಟ್ಟಿಯನ್ನು ಕಾಲ ಸಂದಿಗೆ ಇಟ್ಟುಕೊಂಡು ಒಬ್ಬ ಅಜ್ಜಿ ನಿಂತಿದ್ದಳು. ಮಾದಮ್ಮ ಅಂತ ಹೆಸರು, ಗೆದ್ದವರಿಗೆ ಮಾರಲು ಹಾರ ಕಟ್ಟಿಕೊಂಡು ಹೊರಟಿದ್ದವಳು. ಅವಳು ಕೇಳಿದಳು: "ಆಮ್ಯಾಕೆ ಅವ್ನಲ್ಲ ಅಂತ ಗೊತ್ತಾದ್ರೆ ಇಳುಸ್ಕಂಡಾರಾ ಕಣಪ್ಪ?"

"ಅಷ್ಟೆಲ್ಲಾ ಓದಿರೋ ಜಡ್ಜು ತಪ್ ಮಾಡಾರಾ ಅಜ್ಜಿ?"

ಕಂಡಕ್ಟರನಿಗೆ ಹುರುಪು ಬಂತು. "ನಮ್ಮಲ್ಲೂ ಒಂದ್ ಎಲೆಕ್ಷನ್ ಆಗ್ಲಿ. ನೇಣಾಕು ಅನ್ನೋರು ಕೈ ಎತ್ರಪ್ಪ!" ಎಂದು ಮುಂದಿನಿಂದ ಎಣಿಸುತ್ತಾ ಬಂದ. "ನೋಡು, ನಿಂತಿರೋರೆಲ್ಲಾ ಎತ್ತವ್ರೆ! ಅಜ್ಜೀನೂ ಎತ್ತದೆ!"

"ಥೂ ನಿನ್ನ! ನಾ ಬಿದ್ದೋಗ್ದಂಗೆ ಕಂಬಿ ಇಡ್ಕಂಡಿವ್ನಿ ಕಣ್ಲಾ," ಅಂದಳು ಮಾದಮ್ಮ. "ಇದ್ನೂ ಎಣ್ಸ್ಬುಟ್ಯಾ?"

ಬಸ್ಸೆಲ್ಲಾ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಅವಳಿಂದ ಒಂದು ದೊಡ್ಡ ಹಾರ ಕೊಂಡು ಚೀಲಕ್ಕೆ ಹಾಕಿಕೊಂಡೆ. ಗೆಲ್ಲುತ್ತೇವೆ ಅನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ.

ಗುಂಡ್ಲುಪೇಟೆಯ ಕಾಲೇಜಿನಲ್ಲಿ ಎಣಿಕೆ. ಗೇಟಿನ ಹೊರಗೆ ಜನವೋ ಜನ. ಇಡ್ಲಿ ತಿಂದು ಒಳಗೆ ಹೋದವನಿಗೆ ನಮ್ಮ ಸರದಿ ಬರುವಷ್ಟರಲ್ಲಿ ಹೊತ್ತು ಮುಳುಗಿ ಟ್ಯೂಬ್‌ಲೈಟು ಹತ್ತಿತ್ತು. ಶಿವಮ್ಮನ ಗುರುತು ಹೊಲಿಗೆ ಮಿಷನ್ನು, ಎದುರಾಳಿ ಮಹದೇವಮ್ಮನದು ಕುಕ್ಕರು. ಕಟ್ಟು ಕಟ್ಟಿ ಎಣಿಸಿದರು. ಎರಡು ಓಟಿನಲ್ಲಿ ನಮಗೆ ಸೋಲು.

ಪಕ್ಕದಲ್ಲಿ ತಿರಸ್ಕಾರ ಮಾಡಿದ ಓಟುಗಳ ಸಣ್ಣ ಕಟ್ಟು ಇತ್ತು. ಮೇಲಿನ ಚೀಟಿಯಲ್ಲಿ ಹೊಲಿಗೆ ಮಿಷನ್ನಿನ ಮೇಲೆ ಕಪ್ಪಗೆ ಮೊಹರು; ಇನ್ನೊಂದು ಗುರುತಿನ ಮೇಲೆ ಅದರದೇ ಮಂಕು ನೆರಳು. ಓಟು ಹಾಕಿದವರು ಮಸಿ ಆರುವ ಮೊದಲೇ ಮಡಿಸಿದ್ದರು; ಎರಡು ಕಡೆ ಒತ್ತಿದ್ದಾರೆಂದು ಅದನ್ನು ತಳ್ಳಿಹಾಕಿದ್ದರು.

"ಸಾರ್, ಇನ್ನೊಂದ್ಸಲ ನೋಡಿ," ಅಂದೆ.

"ಆಯ್ತಲ್ರೀ, ಲೆಕ್ಕ ಮುಗೀತು," ಅಂದ ಎದುರು ಕಡೆಯ ಏಜೆಂಟು.

"ಮುಗೀತು ಅಂದ್ರೆ? ತಪ್ಪಾಗಿದ್ರೆ? ಆಮೇಲೆ ಯಾರನ್ ಕೇಳದು?"

ಹೇಳಿ ಮುಗಿಸುವಾಗ ಬೆಳಗಿನ ಬಸ್ಸು ನೆನಪಾಯಿತು. ಆದರೂ ಹಿಂದೆ ಸರಿಯಲಿಲ್ಲ. ಅಧಿಕಾರಿಗಳು ಬರೆದುಕೊಡಿ ಅಂದರು. ಬೇರೆಯವರ ಕೈಯಲ್ಲಿ ಬರೆಸಲಿಲ್ಲ. ಅಕ್ಷರ ದಪ್ಪ ದಪ್ಪ ಬಂದವು, ಆದರೆ ನನ್ನವೇ.

ಒಂದೊಂದು ಚೀಟಿಯನ್ನೂ ಬೆಳಕಿಗೆ ಹಿಡಿದು ನೋಡಿದರು. ಮಡಿಸಿದಾಗ ಬಿದ್ದ ನೆರಳು ಅಂತ ಖಾತ್ರಿಯಾದವನ್ನು ಲೆಕ್ಕಕ್ಕೆ ತೆಗೆದುಕೊಂಡರು. ಮೂರು ನಮಗೆ ಬಂದವು. ಎರಡು ಕುಕ್ಕರಿಗೂ ಹೋದವು. ಸೋಲು ಒಂದು ಓಟಿಗೆ ಇಳಿಯಿತು, ಆದರೆ ಸೋಲೇ.

ಶಿವಮ್ಮ ಗೇಟಿನ ಹತ್ತಿರ ಮಳೆಯಲ್ಲೇ ನಿಂತಿದ್ದಳು. ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಎಲ್ಲಾನೂ ನೋಡ್ಸ್ದಾ ಅಣ್ಣಯ್ಯ?" ಅಂದಳು.

"ಎಲ್ಲಾನೂವೆ."

"ಅಂಗಾದ್ರೆ ಒಪ್ಕಂಡೆ."

ಅಷ್ಟರಲ್ಲಿ ಅವಳ ಗಂಡನ ಅಣ್ಣ ಹತ್ತಿರ ಬಂದು, "ಮಾತು ಗ್ಯಾಪ್ಕ ಅದಾ?" ಅಂದ.

"ಅದೆ ಭಾವ," ಅಂದಳು. "ಓಟ್ ಒತ್ದೋರಲ್ಲಿ ಅರ್ಧ ಜನ ನಂಗ್ ಒತ್ತವ್ರೆ. ಅವ್ರೆಲ್ಲಾ ಬಾಯಿ ಮುಚ್ಚು ಅಂದ್ರೆ ಮುಚ್ತೀನಿ. ನೀವೊಬ್ರು ಅಂದ್ರೆ ಆಗಾಕಿಲ್ಲ."

ಅವನು ಕೊಡೆ ಬಿಚ್ಚಿಕೊಂಡು ಆಚೆ ಹೋದ. ಅವಳು ನನ್ನ ಚೀಲಕ್ಕೆ ಕೈ ಹಾಕಿ ಹಾರ ತೆಗೆದು, ಪಟಾಕಿ ಹೊಗೆಯ ನಡುವೆ ನಡೆದು ಹೋಗಿ ಮಹದೇವಮ್ಮನ ಕೊರಳಿಗೆ ಹಾಕಿದಳು. ಆ ಹೊಗೆಯಲ್ಲಿ ಇಬ್ಬರಲ್ಲಿ ಗೆದ್ದವರು ಯಾರೆಂದು ಸರಿಯಾಗಿ ಕಾಣಲಿಲ್ಲ.

ಕೊನೆಯ ಬಸ್ಸು ಬೆಳಗಿನದೇ, ಕಂಡಕ್ಟರನೂ ಅವನೇ. ಮಾದಮ್ಮ ಖಾಲಿ ಬುಟ್ಟಿಯೊಡನೆ ಸೀಟು ಹಿಡಿದಿದ್ದಳು. ನನಗೆ ಮತ್ತೆ ನಿಲ್ಲುವ ಪಾಡು. ಫೋನಿನಲ್ಲಿ ನೇಣಿನ ಚರ್ಚೆ ಇನ್ನೂ ಮುಗಿದಿರಲಿಲ್ಲ.

"ಬೆಳಗ್ಗೆ ಲೆಕ್ಕ ತಪ್ಪೋಗಿತ್ತು. ಇನ್ನೊಂದ್ಸಲ ಎಣ್ಸನ!" ಎಂದು ಕಂಡಕ್ಟರ್ ಕೂಗಿದ. "ನೇಣಾಕು ಅನ್ನೋರು?"

ಆ ಮಗುವಿನ ವಿಷಯ ಕೇಳಿದರೆ ನನಗೆ ಈಗಲೂ ರಕ್ತ ಕುದಿಯುತ್ತದೆ. ಆದರೂ ಕಂಬಿಯಿಂದ ಕೈ ತೆಗೆದೆ. ತಿರುವಿನಲ್ಲಿ ಬಸ್ಸು ವಾಲಿತು, ಮುಗ್ಗರಿಸಿದೆ. ಮಾದಮ್ಮ ನನ್ನ ಅಂಗಿಯ ಚುಂಗು ಹಿಡಿದುಕೊಂಡಳು.

"ಬಿದ್ದೋದೀಯ ಕಣಪ್ಪ, ಕಂಬಿ ಇಡ್ಕೊ."

"ಅವ್ನು ಎಣ್ಸಿ ಮುಗಿಸ್ಲಿ ಅಜ್ಜಿ," ಅಂದೆ.

ಕಿಟಕಿಯಾಚೆ ಹೂವಿನ ಹೊಲಗಳು ಕತ್ತಲಲ್ಲೂ ಸ್ವಲ್ಪ ಹಳದಿಯಾಗಿಯೇ ಇದ್ದವು.