ಹಿಟ್ಟಿನ ಮಿಲ್ಲಿನ ಹಿಂದಿನ ಪಾತಿಗಳು

ಅವರ ಕಣ್ಣಿನ ರೆಪ್ಪೆಯ ಮೇಲೆ ಯಾವಾಗಲೂ ಹಿಟ್ಟಿರುತ್ತಿತ್ತು. ಅಕ್ಕಿ ಬೀಸಿದ ದಿನ ಬಿಳಿ, ರಾಗಿ ಬೀಸಿದ ದಿನ ಮಾಸಲು. ಹಾನುಬಾಳಿನಲ್ಲಿ ಎಲ್ಲರೂ ಅವರನ್ನು ಮಿಲ್ಲಿನಮ್ಮ ಎನ್ನುತ್ತಿದ್ದರು. ಮಿಲ್ಲಿನ ಗದ್ದಲದಲ್ಲಿ ಕೂಗಿ ಕೂಗಿ ಅಭ್ಯಾಸವಾಗಿ, ಗುಟ್ಟು ಹೇಳಿದರೂ ಬಸ್ ಸ್ಟ್ಯಾಂಡಿಗೆ ಕೇಳಿಸುವಂಥ ದನಿ ಅವರದು. ಹಾಗಾಗಿ ಅವರ ಹತ್ತಿರ ಗುಟ್ಟುಗಳೇ ಇರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿನ ಶಾಲೆಗೆ ವರ್ಗವಾಗಿ ಬಂದೆ. ಹಾಸನ ಪೇಟೆಯವಳು, ಒಬ್ಬರ ಪರಿಚಯವೂ ಇಲ್ಲ. ಸಂಜೆ ಬಾಡಿಗೆ ಕೋಣೆಯ ಬಾಗಿಲು ಹಾಕಿದರೆ ಮರುದಿನ ಹಾಜರಿ ಕೂಗುವ ತನಕ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಎಷ್ಟು ಬೇಗ ವಾಪಸ್ ಹೋದೇನು ಎಂಬುದೊಂದೇ ಯೋಚನೆ. ಒಂದು ಭಾನುವಾರ ಅಕ್ಕಿ ಹಿಟ್ಟು ಮಾಡಿಸಲು ಹೋದಾಗ ನನ್ನ ಡಬ್ಬಿಯ ಸರದಿ ಬರುವಷ್ಟರಲ್ಲಿ ಕರೆಂಟು ಹೋಯಿತು. ಆಗೆಲ್ಲ ಹೋದ ಕರೆಂಟು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ಡಬ್ಬಿಗಳನ್ನು ಅಲ್ಲೇ ಬಿಟ್ಟು ಹಿಂಬಾಗಿಲಿನಿಂದ ಹೊರಟರು. ನಾನು ಪಿಳಿಪಿಳಿ ನೋಡುತ್ತಾ ಕುಳಿತೆ.

“ಮೇಡಮ್ಮೋರೆ, ಹಂಗೆ ಬಲ್ಬು ನೋಡ್ತಾ ಕುಂತ್ರೆ ಕರೆಂಟ್ ಬಂದ್ಬುಡ್ತದಾ? ಬನ್ನಿ, ಒಂಚೂರು ಮಣ್ಣು ಕೆದಕನ” ಎಂದು ಮಿಲ್ಲಿನಮ್ಮ ನನ್ನ ಕೈಗೊಂದು ಪುಟ್ಟ ಗುದ್ದಲಿ ಕೊಟ್ಟರು.

ಮಿಲ್ಲಿನ ಹಿಂದೆ ಖಾಲಿ ಬಿದ್ದಿದ್ದ ಜಾಗವನ್ನು ಅವರು ಹೀಗೆ, ಕರೆಂಟಿಗೆ ಕಾಯುವ ಹೆಂಗಸರನ್ನೇ ಹಿಡಿದು ತೋಟ ಮಾಡಿಸಿದ್ದರು. ಕಾಫಿ ಎಸ್ಟೇಟಿನ ಕೂಲಿ ಲೈನಿನವರು, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ, ಜೀಪ್ ಓಡಿಸುವ ಸಾಬರ ಮನೆಯಾಕೆ, ಎಲ್ಲರಿಗೂ ಒಂದೊಂದು ಪಾತಿ. ಬೀನ್ಸು, ಬದನೆ, ಹರಿವೆ, ಮೂಲಂಗಿ. ನನಗೂ ಒಂದು ಪಾತಿ ಸಿಕ್ಕಿತು, ಜೊತೆಗೆ ಒಂದು ವಿಚಿತ್ರ ಕಟ್ಟಳೆಯೂ: ತನ್ನ ಪಾತಿಯಲ್ಲಿ ತಾನೇ ಕೊಯ್ಯುವಂತಿಲ್ಲ. ನೆಡುವವರು ಒಬ್ಬರು, ಕೊಯ್ಯುವವರು ಪಕ್ಕದ ಪಾತಿಯವರು. ನಾನು ಜೀಪಿನವರ ಮನೆಯಾಕೆಯ ಬದನೆ ಕೊಯ್ಯಬೇಕು, ನನ್ನ ಬೀನ್ಸು ಮಿಲ್ಲಿನಮ್ಮನಿಗೆ. ಹೀಗೇ ಸುತ್ತು.

ಯಾಕೆ ಈ ಪಜೀತಿ ಎಂದು ಕೇಳಿದೆ.

“ತಮ್ದು ತಾವೇ ಕೊಯ್ಕೊಂಡ್ರೆ ಸೀದಾ ಮನೆಗೋಗ್ಬುಡ್ತೀರ. ಪಕ್ಕದೋಳು ಕೊಯ್ದ್ರೆ, ಸಾರು ಹೆಂಗಾಯ್ತು ಅಂತ ಕೇಳಾಕಾದ್ರೂ ಮಾತಾಡ್ಬೇಕಲ್ಲ!”

ಆ ಮಾತು ಎಷ್ಟು ನಿಜ! ಬದನೆಯ ಮಾತಿನಿಂದ ಶುರುವಾಗಿ, ಜೀಪಿನವರ ಮನೆಯಾಕೆ ನನಗೆ ಒಡಹುಟ್ಟಿದವಳಂತಾದಳು. ರಂಜಾನಿನಲ್ಲಿ ಅವಳ ಮನೆಯ ಶಾವಿಗೆ ಪಾಯಸ ನನ್ನ ಕೋಣೆಗೆ ಬಂತು. ಇನ್ನೊಬ್ಬರ ಒಲೆಗೆ ಹೋಗುವ ಬೀನ್ಸು ಹುಳುಕಾದರೆ ಮರ್ಯಾದೆ ಏನುಳಿಯಿತು ಎಂದು, ಮನೆಯಲ್ಲಿ ತುಳಸಿಗೂ ನೀರು ಹಾಕದ ನಾನು ದಿನಾ ತೋಟಕ್ಕೆ ಹೋಗತೊಡಗಿದೆ. ಕರೆಂಟು ಬಂದರೆ ಬೇಜಾರಾಗುತ್ತಿತ್ತು. ವರ್ಗಾವಣೆಯ ಮಾತು ಮರೆತೇಹೋಯಿತು.

ಕಾಫಿಗೆ ಒಳ್ಳೆಯ ರೇಟು ಬಂದ ಕಾಲ ಅದು. ಅಂಗೈಯಗಲ ಜಾಗ ಸಿಕ್ಕರೂ ಸಿಮೆಂಟು ಬಳಿದು ಕಾಫಿ ಒಣಗಿಸುವ ಕಣ ಮಾಡುತ್ತಿದ್ದರು. ಮಿಲ್ಲಿನಮ್ಮ ವಿಧವೆ, ಮಕ್ಕಳಿಲ್ಲ; ಆ ಜಾಗದಲ್ಲಿ ಮೈದುನನಿಗೂ ಪಾಲಿತ್ತು. ಒಂದು ದಿನ ನಾವೆಲ್ಲ ಇದ್ದಾಗಲೇ ಆತ ಬಂದ.

“ಅತ್ತಿಗೆ, ಈ ಸೊಪ್ಪುಸದೆ ಕಿತ್ತಾಕ್ಸಿ. ಕಣ ಮಾಡನ.”

“ಮಾಡಪ್ಪ, ಬ್ಯಾಡ ಅಂದೋರ್ಯಾರು? ಆದ್ರೆ ನನ್ ಪಾತೀಲಿ ಕೊಯ್ಯೋಳು ರೈಟ್ರ ಹೆಂಡ್ತಿ ಕಣೋ. ಅವಳು ಹೂಂ ಅಂದ್ರೆ ನಂದೂ ಹೂಂ.”

ಆತ ರೈಟರ ಹೆಂಡತಿಯನ್ನು ಕೇಳಿದ. ಅವಳು ತನ್ನ ಪಾತಿ ಕೊಯ್ಯುವ ಲೈನಿನಾಕೆಯ ಕಡೆ ಕೈ ತೋರಿಸಿದಳು. ಆಕೆ ಇನ್ನೊಬ್ಬಳನ್ನು. ಹೀಗೆ ಪಾತಿಯಿಂದ ಪಾತಿಗೆ ಪಂಚೆ ಎತ್ತಿ ದಾಟುತ್ತಾ ಕೊನೆಗೆ ನನ್ನ ಮುಂದೆ ಬಂದು ನಿಂತ.

“ನನ್ನ ಪಾತಿ ಕೊಯ್ಯೋದು ನಿಮ್ಮ ಅತ್ತಿಗೆ. ಅವರನ್ನೇ ಕೇಳಿ” ಎಂದೆ.

ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಿಮ್ ಸಾವಾಸ ಸಾಕು ಮಾರಾಯ್ತೀರಾ!” ಎಂದು ಟವೆಲ್ ಕೊಡವಿಕೊಂಡು ಆತ ಹೋದ. ಮಿಲ್ಲಿನಮ್ಮ ಮಾತ್ರ ನಗಲಿಲ್ಲ. “ಈ ಸಲ ಉಳೀತು ಕಣ್ರೀ. ನಾನಿರೋಗಂಟ ಹೆಂಗೋ ಉಳಸ್ಕತೀನಿ” ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕೆಲವು ವರ್ಷಗಳ ನಂತರ ಒಂದು ಚಳಿಗಾಲದಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ತಿಥಿ ಮುಗಿಯುವವರೆಗೂ ಪಾತಿಯವರೆಲ್ಲ ಸರದಿಯ ಮೇಲೆ ಅವರ ಮನೆಯಲ್ಲಿ ನಿಂತೆವು. ನೀರು ಹೊತ್ತೆವು, ಬಂದವರಿಗೆ ಕಾಫಿ ಕೊಟ್ಟೆವು. ಮೈದುನ ಜಗಲಿಯಲ್ಲಿ ಕುಳಿತು ನಮ್ಮನ್ನೇ ನೋಡುತ್ತಿದ್ದ. ಇನ್ನು ಜಾಗ ಆತನದೇ, ತೋಟದ ಕಥೆ ಮುಗಿಯಿತು ಎಂದು ನಮಗೆಲ್ಲ ಗೊತ್ತಿತ್ತು. ಕೊಯ್ಯುವವರಿಲ್ಲದೆ ನನ್ನ ಬೀನ್ಸು ಬಳ್ಳಿಯಲ್ಲೇ ಬಲಿಯಿತು. ಯಾರೂ ಅದನ್ನು ಮುಟ್ಟಲಿಲ್ಲ. ನನಗಂತೂ ಆ ಕಡೆ ನೋಡಲೂ ಆಗುತ್ತಿರಲಿಲ್ಲ.

ತಿಥಿಯ ನಂತರದ ಭಾನುವಾರ ಮನಸ್ಸು ಗಟ್ಟಿ ಮಾಡಿ ಹೋದಾಗ ಮೈದುನ ತೋಟದ ನಡುವೆ ನಿಂತಿದ್ದ. ಅಳತೆ ಹಿಡಿಯಲು ಬಂದಿದ್ದಾನೆ ಅಂದುಕೊಂಡೆ. ನನ್ನನ್ನು ನೋಡಿ ತಲೆ ಕೆರೆದುಕೊಂಡ.

“ಮೇಡಮ್ಮೋರೆ, ಅತ್ತಿಗೆ ಕೊಯ್ತಿದ್ದದ್ದು ಯಾವ ಪಾತಿ?”

“ನಂದೇ.”

“ಹಂಗಾದ್ರೆ ಇನ್ಮ್ಯಾಕೆ ನಾನ್ ಕೊಯ್ತೀನಿ. ಅತ್ತಿಗೆ ಪಾತಿಗೆ ಏನ್ ಹಾಕ್ಬೇಕು ಅಂತ ನೀವೇ ಹೇಳ್ಕೊಡಿ. ನಂಗೇನೂ ಬರಾಕಿಲ್ಲ.”

ಟವೆಲ್ ಹಾಸಿ, ಕುಕ್ಕರಗಾಲಿನಲ್ಲಿ ಕುಳಿತು, ಬಲಿತು ನಾರಾಗಿದ್ದ ಬೀನ್ಸನ್ನು ಒಂದೊಂದಾಗಿ ಕೀಳತೊಡಗಿದ. ಅದು ಸಾರಿಗೆ ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಳು ಬಂತು.